ಆ ರಾತ್ರಿ ನಿನ್ನ ಮೈ ತಣ್ಣಗಿತ್ತು

ಅಕ್ಕ, ಆ ರಾತ್ರಿ ನಿನಗೆ ಜ್ವರ ಬಂದಿರಲಿಲ್ಲ. ಬಂದಿತ್ತು ಎಂದು ಹೇಳಿದವಳು ನಾನು. ನಿದ್ದೆಗಣ್ಣಿನಲ್ಲಿ ಮಗುವಿಗೆ ಹಾಗೆ ಅನ್ನಿಸಿರಬೇಕು ಎಂದು ಆಮೇಲೆ ನೀನೇ ಎಲ್ಲರಿಗೂ ಹೇಳಿದೆ — ನನಗೆ ಹಾಗೇನೂ ಅನ್ನಿಸಿರಲಿಲ್ಲ. ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಹೇಳಿದೆ. ಸಿಡುಬಿನ ಅಮ್ಮ ಬಂದು ನಿನ್ನ ಮದುವೆ ನಿಂತಿತು ಎಂದು ನಮ್ಮ ಬಳಗದಲ್ಲಿ ಇವತ್ತಿಗೂ ಹೇಳುತ್ತಾರೆ. ಅಮ್ಮ ಬಂದಿರಲಿಲ್ಲ. ಬಂದಿದ್ದು ನಾಲ್ಕು ಮೊಡವೆ, ಮತ್ತು ನನ್ನ ಬಾಯಲ್ಲಿ ಒಂದು ಸುಳ್ಳು.

ಈಗ ನೀನು ನನ್ನ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೂವು ತರಲು ಹೋಗಿದ್ದೀಯ. ಅವಳು ದಾರಿಯಲ್ಲಿ ಸಿಕ್ಕ ಕಲ್ಲನ್ನೆಲ್ಲ ಕೇಳುತ್ತಾಳೆ, ನೀನು ಎಲ್ಲವನ್ನೂ ಆರಿಸಿ ಕೊಡುತ್ತೀಯ, ಆದ್ದರಿಂದ ಬೇಗ ಬರುವುದಿಲ್ಲ. ಅಪ್ಪ ಒಳಗೆ ಮಲಗಿದ್ದಾರೆ. ನಾನು ಜಗಲಿಯ ಮೇಲೆ ಕೂತು, ನೀನು ಬಂದಮೇಲೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಒಂದು ಸಲ ಹೇಳಿಕೊಳ್ಳುತ್ತಿದ್ದೇನೆ — ಎಲ್ಲಿ ನಾಲಿಗೆ ತಡವರಿಸುತ್ತದೆ ಎಂದು ನೋಡಿಕೊಳ್ಳಬೇಕಲ್ಲ. ಮೊದಲನೇ ಮಾತಿಗೇ ತಡವರಿಸುತ್ತಿದೆ.

ಈ ಜಗಲಿಯಿಂದ ಆಗ ಏನೆಲ್ಲ ಕಾಣುತ್ತಿತ್ತು! ಜಯನಗರ ಎಂದರೆ ಆಗ ಹೆಸರಿಗೆ ನಗರ. ರಸ್ತೆಗಳಿದ್ದವು, ಮನೆಗಳಿರಲಿಲ್ಲ. ನಿವೇಶನದ ಗಡಿಗೆ ನೆಟ್ಟ ಗುರುತಿನ ಕಲ್ಲುಗಳು, ಅವುಗಳ ನಡುವೆ ಆಳೆತ್ತರದ ಹುಲ್ಲು, ಹುಲ್ಲಿನಲ್ಲಿ ಮುಳುಗಿ ಏಳುವ ಎಮ್ಮೆಯ ಬೆನ್ನುಗಳು. ಬಸವನಗುಡಿಯ ನೆಂಟರು ನಮ್ಮನ್ನು ಕಾಡಿಗೆ ಹೋದವರು ಎಂದೇ ಆಡಿಕೊಳ್ಳುತ್ತಿದ್ದರು. ಸಂಜೆ ತೆಂಕಣ ಗಾಳಿ ಬೀಸಿದರೆ ಹುಲ್ಲೆಲ್ಲ ಒಂದೇ ಕಡೆ ಮಲಗುತ್ತಿತ್ತು. ನೀನು ನನ್ನ ಜಡೆ ಹೆಣೆಯುತ್ತಾ, ನೋಡೇ ಪದ್ದು, ಭೂಮಿ ತಲೆ ಬಾಚಿಕೊಳ್ತಿದೆ, ಅನ್ನುತ್ತಿದ್ದೆ. ನಮ್ಮನ್ನು ಹೆತ್ತವಳ ಮುಖ ನನಗೆ ನೆನಪಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ತಾಯಿ ಎಂದರೆ ನೀನೇ, ನಿನ್ನ ಎಡಗೈಗೆ ತಲೆಯಿಟ್ಟು ಮಲಗದೆ ನನಗೆ ನಿದ್ದೆ ಬರುತ್ತಿರಲಿಲ್ಲ.

ನಿನ್ನ ಮದುವೆ ಗೊತ್ತಾದಾಗ ನನಗೆ ಹದಿಮೂರು. ಹುಡುಗನಿಗೆ ನಾಗಪುರದಲ್ಲಿ ಕೆಲಸ. ನೋಡಲು ಬಂದ ದಿನ ನೀನು ತಲೆ ತಗ್ಗಿಸಿದವಳು ಎತ್ತಲೇ ಇಲ್ಲ — ಪಾಪ, ಆತ ನೋಡಿ ಒಪ್ಪಿದ್ದು ನಿನ್ನ ಬೈತಲೆಯನ್ನು ಅಂತ ನಾನು ತಮಾಷೆ ಮಾಡಿದ್ದೆ. ವೈಶಾಖದಲ್ಲಿ ಮುಹೂರ್ತ ಸಿಕ್ಕಿತು. ಅದಾದ ವಾರಕ್ಕೇ ನಿನ್ನ ಕೆನ್ನೆಯ ಮೇಲೆ ಮೊದಲನೆಯದು ಎದ್ದಿತು.

ಮೊದಮೊದಲು ಎಲ್ಲರೂ ನಕ್ಕರು. ಮದುವೆಯ ಕಳೆ ಮೊಳಕೆ ಒಡೀತಿದೆ ಎಂದು ಅಜ್ಜಿ ಹೇಳಿದಳು. ಆಮೇಲೆ ಹಣೆಗೆ ಬಂತು, ಗಲ್ಲಕ್ಕೆ ಬಂತು, ಎರಡು ಕೆನ್ನೆಯೂ ಕೆಂಪಾಗಿ ಊದಿಕೊಂಡಿತು. ಆಗ ಶುರುವಾಯಿತು ನೋಡು ಚಿಕಿತ್ಸೆ. ಬಂದವರೆಲ್ಲ ವೈದ್ಯರು. ಒಬ್ಬರು ಕಡಲೆಹಿಟ್ಟು ಅಂದರು, ಇನ್ನೊಬ್ಬರು ಕಡಲೆಹಿಟ್ಟು ಉಷ್ಣ, ಹೆಸರುಹಿಟ್ಟೇ ಆಗಬೇಕು ಅಂದರು. ಜಾಯಿಕಾಯಿಯನ್ನು ಹಾಲಿನಲ್ಲಿ ತೇಯ್ದು ಹಚ್ಚಿದ್ದಾಯಿತು, ಗಂಧ ಹಚ್ಚಿದ್ದಾಯಿತು, ನಿಂಬೆಹಣ್ಣು ಹಚ್ಚಿಕೊಂಡು ಉರಿ ತಡೆಯಲಾರದೆ ನೀನು ಬಚ್ಚಲಿಗೆ ಓಡಿದ್ದಾಯಿತು. ಮೊಡವೆಗಳು ಮಾತ್ರ ಬೀಗರ ಹಾಗೆ ಬಿಗಿದುಕೊಂಡು ಕೂತಿದ್ದವು.

ನಗುತ್ತಿದ್ದೆವು ನಾವು. ನೀನು ನಗುತ್ತಿರಲಿಲ್ಲ. ಕಿಟಕಿಯ ಪಕ್ಕದ ಕನ್ನಡಿಯ ಎದುರು ನಿಂತುಬಿಡುತ್ತಿದ್ದೆ. ಒಂದು ಸಲ ನನ್ನನ್ನು ಹತ್ತಿರ ಎಳೆದುಕೊಂಡು ಕೇಳಿದೆ: "ಅಂತರಪಟ ಸರಿಸಿದ ತಕ್ಷಣ ಅವ್ರು ನನ್ನ ಮುಖಾನೇ ಅಲ್ವೇನೇ ಮೊದ್ಲು ನೋಡೋದು?" ಹುಡುಗ ಹುಡುಗಿಯ ನಡುವೆ ಹಿಡಿಯುವ ಆ ಬಿಳಿಯ ಬಟ್ಟೆ ಜಾರುವ ಕ್ಷಣದಲ್ಲೇ ನಿನ್ನ ಜೀವವೆಲ್ಲ ಇತ್ತು. ನಿನಗೆ ಬೇಕಾಗಿದ್ದುದು ಅಷ್ಟೇ. ಆ ಒಂದು ನೋಟಕ್ಕೆ ಮುಖ ತಿಳಿಯಾಗಿರಬೇಕು.

ಕೋಣನಕುಂಟೆಯಿಂದ ಮೊಸರು ಹೊತ್ತು ತರುತ್ತಿದ್ದ ಮುನಿಯಮ್ಮ ನಿನಗೆ ನೆನಪಿರಬೇಕು. ಅವಳು ನಿನ್ನ ಮುಖ ನೋಡಿ ಲೊಚಗುಟ್ಟಿ, ಮಾರನೆಯ ದಿನ ಒಂದು ಹೊರೆ ಬೇವಿನ ಸೊಪ್ಪು ತಂದು ಹಾಕಿದಳು. ಎಳೆಯ ಚಿಗುರು, ತಾಮ್ರದ ಬಣ್ಣ. ಅರೆದು ಹಚ್ಚಿಕೋ ತಾಯಿ ಎಂದಳು. ನೀನು ಒರಳ ಮುಂದೆ ಕೂತು ಅರೆದೆ. ಉಳಿದ ಟೊಂಗೆಗಳು ಬಾಡದಿರಲಿ ಎಂದು ಗಾಳಿಯಾಡುವ ಕಡೆ, ಬಾಗಿಲ ಪಕ್ಕದ ಕಿಟಕಿಯ ಸರಳಿಗೆ ಸಿಕ್ಕಿಸಿದವಳು ನಾನು. ಅದರಲ್ಲಿ ಏನೂ ಕಪಟ ಇರಲಿಲ್ಲ, ಅಕ್ಕ. ಕಪಟ ಬಂದದ್ದು ಆಮೇಲೆ.

ಆ ಸಂಜೆ, ಮುಖಕ್ಕೆಲ್ಲ ಹಸಿರು ಮೆತ್ತಿಕೊಂಡು ನೀನು ನಾಗಪುರದ ಮಾತು ಆಡಿದೆ. ಅಲ್ಲಿ ಮನೆ ಮನೆಯ ಮುಂದೆ ಕಿತ್ತಳೆಹಣ್ಣು ರಾಶಿ ಹಾಕಿರುತ್ತಾರಂತೆ. ರೈಲಿನಲ್ಲಿ ಎರಡು ರಾತ್ರಿ ಮಲಗಬೇಕಂತೆ. ಚಳಿಗಾಲದಲ್ಲಿ ಬಾಯಿಂದ ಹೊಗೆ ಬರುತ್ತದಂತೆ. ಹೇಳುತ್ತಾ ಹೇಳುತ್ತಾ ನಿನ್ನಷ್ಟಕ್ಕೆ ನೀನೇ ನಕ್ಕೆ. ಆ ನಗು ನನ್ನ ಕಡೆಗೆ ತಿರುಗಿರಲಿಲ್ಲ. ಅದುವರೆಗೆ ನಿನ್ನ ನಗುವೆಲ್ಲ ನನ್ನದೇ ಎಂದುಕೊಂಡಿದ್ದವಳಿಗೆ — ಹೇಗೆ ಹೇಳಲಿ — ಆ ನಗುವನ್ನು ಕಿತ್ತುಕೊಳ್ಳಬೇಕು ಅನ್ನಿಸಿತು. ಇದನ್ನು ಪ್ರೀತಿ ಎಂದು ಹೇಳಿಬಿಡಬಹುದು, ಬಹಳ ವರ್ಷ ನಾನೂ ಹಾಗೆಯೇ ಹೇಳಿಕೊಂಡೆ. ಪ್ರೀತಿಯಲ್ಲ. ನನ್ನದನ್ನು ಬೇರೆಯವರು ಒಯ್ಯುತ್ತಾರೆ ಎಂಬ ಹೊಟ್ಟೆಕಿಚ್ಚು ಅದು.

ಅಂದು ರಾತ್ರಿ ನೀನು ತಣ್ಣೀರಿನಲ್ಲಿ ಮುಖ ತೊಳೆದು ಬಂದು ಮಲಗಿದೆ. ನಾನು ಎಂದಿನಂತೆ ನಿನ್ನ ಎಡಗೈಯ ಮೇಲೆ ಕೆನ್ನೆಯಿಟ್ಟೆ. ತಣ್ಣಗಿತ್ತು. ಬೇಸಿಗೆಯ ಸೆಕೆಯಲ್ಲಿ ಕೆಂಪು ನೆಲಕ್ಕೆ ಕೆನ್ನೆಯಿಟ್ಟ ಹಾಗೆ, ಹಿತವಾಗಿ ತಣ್ಣಗಿತ್ತು. ಬೇವಿನ ಕಹಿವಾಸನೆ ನಿನ್ನ ಸೀರೆಯಿಂದ ಬರುತ್ತಿತ್ತು. ಇಷ್ಟು ವರ್ಷವಾದರೂ ಆ ತಂಪು ನನ್ನ ಕೆನ್ನೆಯನ್ನು ಬಿಟ್ಟಿಲ್ಲ.

ಮಾರನೆಯ ಮಧ್ಯಾಹ್ನ ಹನುಮಂತನಗರದಿಂದ ಸುಂದರಮ್ಮನವರು ಬಂದರು — ಹುಡುಗನ ಸೋದರತ್ತೆ, ನಿನ್ನ ಬಳೆಯ ಅಳತೆ ತೆಗೆದುಕೊಂಡು ಹೋಗಲು. ಬಿಸಿಲಲ್ಲಿ ನಡೆದು ಬಂದವರು ಮೆಟ್ಟಿಲು ಹತ್ತಿ, ಸರಳಿನಲ್ಲಿದ್ದ ಬೇವನ್ನು ನೋಡಿ ಹಾಗೇ ನಿಂತರು. ಅಷ್ಟರಲ್ಲಿ ನೀನು ನೀರಿನ ತಂಬಿಗೆ ಹಿಡಿದು ಬಾಗಿಲಿಗೆ ಬಂದೆ. ಕೆಂಪು ಕೆಂಪು ಮುಖ.

"ಏನ್ರೀ ಇದು," ಎಂದರು ಅವರು ಅಜ್ಜಿಗೆ, ಹೊಸ್ತಿಲ ಆಚೆಯಿಂದಲೇ. "ಮನೇಲಿ ಅಮ್ಮನಾ?"

ಮೈಯಲ್ಲಿ ಗುಳ್ಳೆ, ಜ್ವರ, ಬಾಗಿಲಲ್ಲಿ ಬೇವು — ಇಷ್ಟು ಸೇರಿದರೆ ನಮ್ಮವರು ಅದನ್ನು ಕಾಯಿಲೆ ಎಂದು ಕರೆಯುತ್ತಿರಲಿಲ್ಲವಲ್ಲ. ಅಮ್ಮ ಬಂದಿದ್ದಾಳೆ ಅನ್ನುತ್ತಿದ್ದರು. ಬಂದ ಮನೆಯಲ್ಲಿ ಒಗ್ಗರಣೆಯ ವಾಸನೆ ಏಳಬಾರದು, ಡಾಕ್ಟರನ್ನು ಕರೆಯಬಾರದು, ಶುಭಕಾರ್ಯವಂತೂ ದೂರದ ಮಾತು.

"ಅಯ್ಯೋ, ಬಿಡ್ತು ಅನ್ನಿ," ಎಂದಳು ಅಜ್ಜಿ. "ಬರೀ ಮೊಡವೆ ಕಣ್ರೀ. ವಯಸ್ಸಿನ ಹುಡುಗಿ."

ಸುಂದರಮ್ಮನವರು ನಂಬಲಿಲ್ಲ. ಅವರನ್ನು ದೂರುವುದಿಲ್ಲ, ಅವರ ಮನೆಯಲ್ಲಿ ಎರಡು ಮಕ್ಕಳು ಹೋಗಿದ್ದವಂತೆ ಅದರಲ್ಲಿ. ಅವರು ಸುತ್ತ ನೋಡಿದರು. ಕಂಬಕ್ಕೆ ಒರಗಿ ನಿಂತಿದ್ದ ನಾನು ಸಿಕ್ಕಿದೆ.

"ಮರಿ, ನೀನು ಅಕ್ಕನ ಪಕ್ಕದಲ್ಲೇ ಅಲ್ವೇನಮ್ಮ ಮಲಗೋದು? ರಾತ್ರಿ ಮೈ ಬಿಸಿ ಇತ್ತಾ?"

ಎಲ್ಲರೂ ನನ್ನ ಕಡೆ ತಿರುಗಿದರು. ನೀನೂ ತಿರುಗಿದೆ, ಸಣ್ಣಗೆ ನಕ್ಕೆ ಕೂಡ, ನಾನು ಇಲ್ಲ ಎನ್ನುತ್ತೇನೆಂದು ಅಷ್ಟು ನಂಬಿಕೆ ನಿನಗೆ. ಹೊರಗೆ ಹುಲ್ಲು ಮಲಗುತ್ತಿತ್ತು, ಏಳುತ್ತಿತ್ತು. ಎಲ್ಲೋ ಎಮ್ಮೆಯ ಕೊರಳಗಂಟೆ. ಒಂದು ಮಾತಿನಲ್ಲಿ ನಾಗಪುರವನ್ನು ಇಲ್ಲವಾಗಿಸಬಹುದು ಎಂದು ನನಗೆ ಆ ಗಳಿಗೆಯಲ್ಲಿ ಹೊಳೆಯಿತು.

"ಹೂಂ," ಎಂದೆ. "ರಾತ್ರಿಯೆಲ್ಲ ಮೈ ಸುಡ್ತಿತ್ತು."

ಸುಂದರಮ್ಮನವರು ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು — ನಿನಗೆ. ನಿನ್ನ ಕೈಯಿಂದ ತಂಬಿಗೆ ಬಿತ್ತು. "ಇಲ್ಲ ಅಜ್ಜಿ, ಸುಳ್ಳು! ನಂಗೆ ಜ್ವರ ಇಲ್ಲ, ಮುಟ್ಟಿ ನೋಡು!" ಎಂದೆ ನೀನು. ಅಜ್ಜಿ ಮುಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಜ್ಜಿಯ ಮುಖವೇ ಬೇರೆಯಾಗಿತ್ತು. ಅವಳೂ ಕೈ ಮುಗಿದಿದ್ದಳು. "ಹಾಗನ್ಬಾರ್ದು ಮಗಳೇ," ಎಂದಳು, ಪಿಸುಗುಟ್ಟುವ ದನಿಯಲ್ಲಿ. "ತಾಯಿ ಬಂದಾಗ ಇಲ್ಲ ಅನ್ಬಾರ್ದು. ಮುನಿಸ್ಕೊತಾಳೆ." ತಾನು ಅರೆಗಳಿಗೆಯ ಹಿಂದೆ ಮೊಡವೆ ಎಂದದ್ದಕ್ಕೆ ಕೆನ್ನೆ ಬಡಿದುಕೊಂಡಳು. ಒಮ್ಮೆ ಹೆಸರು ಹೇಳಿದ ಮೇಲೆ ಯಾರಿಗೂ ಧೈರ್ಯವಿಲ್ಲ. ನೀನು ಇಲ್ಲ ಇಲ್ಲ ಎಂದಷ್ಟೂ ಅವರಿಗೆ ನಿಜವಾಗುತ್ತಾ ಹೋಯಿತು.

ಇಲ್ಲಿಯವರೆಗಿನದು ಬಾಯಿ ಜಾರಿದ್ದು ಎಂದು ಯಾರಾದರೂ ಕ್ಷಮಿಸಬಹುದೇನೋ. ಆ ಸಂಜೆಯದಕ್ಕೆ ಕ್ಷಮೆ ಎಲ್ಲಿದೆ?

ಅಪ್ಪ ಆಫೀಸಿನಿಂದ ಬಂದರು. ವಿಷಯ ಕೇಳಿದರು. ಅವರಿಗೆ ಈ ನಂಬಿಕೆಗಳು ಅಷ್ಟಕ್ಕಷ್ಟೇ, ಆದರೆ ಹೆತ್ತ ತಾಯಿ ಅಜ್ಜಿಯ ಎದುರು ದನಿ ಎತ್ತುವವರಲ್ಲ. ನನ್ನನ್ನು ಕೈ ಹಿಡಿದು ಇದೇ ಜಗಲಿಗೆ ಕರೆತಂದರು. ನನ್ನನ್ನು ಕೂರಿಸಿ, ಎದುರಿಗೆ ತಾವು ಕುಕ್ಕರಗಾಲಲ್ಲಿ ಕೂತು ನನ್ನ ಮುಖದ ಮಟ್ಟಕ್ಕೆ ಬಂದರು. "ಪದ್ದು, ಯಾರೂ ಬಯ್ಯಲ್ಲ. ನಿಜ ಹೇಳು, ಅಕ್ಕಂಗೆ ಜ್ವರ ಇತ್ತಾ?"

ಇಲ್ಲ ಎನ್ನಬಹುದಿತ್ತು. ಸುಂದರಮ್ಮನವರು ಇನ್ನೂ ಹುಡುಗನ ಮನೆಗೆ ಮಾತು ಮುಟ್ಟಿಸಿರಲಿಲ್ಲವೋ ಏನೋ. ಅಪ್ಪ ಅಂಗಿ ಕೂಡ ಬದಲಿಸದೆ ಹನುಮಂತನಗರಕ್ಕೆ ಓಡುತ್ತಿದ್ದರು. ನಾನು ಅವರ ಕಣ್ಣನ್ನೇ ನೋಡಿ, "ಇತ್ತಪ್ಪ," ಎಂದೆ. ಅವರು ಎದ್ದು, ನನ್ನ ತಲೆ ಸವರಿ ಒಳಗೆ ಹೋದರು.

ಆಮೇಲಿನ ದಿನಗಳು... ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಬಾಲ್ಯದ ಅತ್ಯಂತ ಸುಖದ ದಿನಗಳು ಅವು. ನಿನ್ನನ್ನು ನಡುಮನೆಯ ಮೂಲೆಯಲ್ಲಿ ಬೇವಿನೆಲೆಯ ಮೇಲೆ ಮಲಗಿಸಿದರು. ನೀನು ಮೊದಲು ಅತ್ತೆ, ಆಮೇಲೆ ಅಳು ನಿಲ್ಲಿಸಿ ಸೂರನ್ನು ನೋಡುತ್ತಾ ಮಲಗಿದೆ. ಮನೆಯಲ್ಲಿ ಒಗ್ಗರಣೆಯಿಲ್ಲ, ಜೋರು ಮಾತಿಲ್ಲ, ಹೊರಗಿನವರು ಬರುವಂತಿಲ್ಲ. ಹೆಂಚಿನ ಸಂದಿಯಿಂದ ಇಳಿದ ಬಿಸಿಲು ಬೆಳಗಿನಿಂದ ಸಂಜೆಯವರೆಗೆ ನಿನ್ನ ಸೀರೆಯ ಮೇಲೆ ನಿಧಾನ ಸರಿಯುತ್ತಿತ್ತು. ನಾನು ಪಕ್ಕದಲ್ಲಿ ಕೂತು ಬೇವಿನ ಸೊಪ್ಪಿನಿಂದ ಬೀಸುತ್ತಿದ್ದೆ. ಅಜ್ಜಿ ತಣ್ಣನೆಯ ಮೊಸರನ್ನ, ಎಳನೀರು ತಂದಿಡುತ್ತಿದ್ದಳು. ನೀನು ಎಲ್ಲಿಗೂ ಹೋಗುವಂತಿರಲಿಲ್ಲ. ಅರೆನಿದ್ದೆಯಲ್ಲಿ ನಿನ್ನ ಕೈ ನನ್ನ ಮಂಡಿಯ ಮೇಲೆ ಬಂದು ಕೂರುತ್ತಿತ್ತು, ನಾನು ಬೀಸುವುದನ್ನು ನಿಲ್ಲಿಸದೆ ಅದನ್ನೇ ನೋಡುತ್ತಿದ್ದೆ. ಕಾಲ ಹಾಗೇ ನಿಂತುಬಿಡಲಿ ಎಂದು ಬೇಡಿಕೊಂಡೆ. ನಾನು ಸುಳ್ಳಾಗಿ ಕರೆತಂದ ಆ ದೇವತೆಗೇ ಬೇಡಿಕೊಂಡೆ!

ಹುಡುಗನ ಮನೆಯಿಂದ ಮಾತು ಬಂತು, ಈಗ ಬೇಡ ಎಂದು. ವೈಶಾಖ ಕಳೆದರೆ ಜ್ಯೇಷ್ಠ, ಹಿರಿಯ ಮಗನಿಗೂ ಹಿರಿಯ ಮಗಳಿಗೂ ಜ್ಯೇಷ್ಠದಲ್ಲಿ ಮದುವೆಯಿಲ್ಲ. ಮುಂದೆ ಆಷಾಢ. ಆತನ ರಜೆ ಮುಗಿದು ನಾಗಪುರಕ್ಕೆ ಹೋದ. ಶ್ರಾವಣದ ಹೊತ್ತಿಗೆ ತುಮಕೂರಿನ ಕಡೆ ಬೇರೆ ಹೆಣ್ಣು ಗೊತ್ತಾಗಿತ್ತು. ಮುಹೂರ್ತಕ್ಕೆ ಮುಂಚೆ ಅಮ್ಮ ಅಡ್ಡ ಬಂದಳೆಂದರೆ ದೇವರಿಗೇ ಇಷ್ಟವಿಲ್ಲ ಅಂತ ಅವರ ಮನೆಯ ಹಿರಿಯರು ಹೇಳಿದರಂತೆ. ಆ ಮಾತು ನಿನ್ನ ಜಾತಕದ ಜೊತೆಗೇ ಊರೂರು ಸುತ್ತಿತು. ಆಮೇಲೆ ಬಂದ ಗಂಡುಗಳೆಲ್ಲ ಕಾಫಿ ಕುಡಿದು, ಯಾರ ಬಾಯಿಂದಲೋ ಅದನ್ನು ಕೇಳಿ, ಉತ್ತರ ಬರೆಯದೆ ಉಳಿದರು.

ಆದರೆ ನಾನು ಮರೆಯಲಾರದ್ದು ಅದಲ್ಲ. ಮುಹೂರ್ತವಿರಬೇಕಾಗಿದ್ದ ಬೆಳಗ್ಗೆ ಅಜ್ಜಿ ನಿನಗೆ ಬೇವಿನ ನೀರು ಹಾಕಿ ಎಬ್ಬಿಸಿದಳು. ನೀನು ಒದ್ದೆಗೂದಲು ಬೆನ್ನ ಮೇಲೆ ಬಿಟ್ಟುಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತೆ. ಎಳೆಬಿಸಿಲು ಮುಖದ ಮೇಲೆ ಬಿತ್ತು. ಅಕ್ಕ, ಒಂದು ಮೊಡವೆಯೂ ಇರಲಿಲ್ಲ. ತಂಪು, ವಿಶ್ರಾಂತಿ, ಆ ಬೇವು — ಯಾವುದರಿಂದಲೋ, ನಿನ್ನ ಮುಖ ತೊಳೆದ ಹಾಗೆ ತಿಳಿಯಾಗಿತ್ತು. ನೀನು ಕೈಯಿಂದ ಕೆನ್ನೆ ಸವರಿ ನೋಡಿಕೊಂಡೆ. ಕನ್ನಡಿಯ ಕಡೆ ಹೋಗಲಿಲ್ಲ. ಅಂತರಪಟ ಸರಿಯಬೇಕಾಗಿದ್ದ ಹೊತ್ತಿನಲ್ಲಿ ಆ ಮುಖವನ್ನು ನೋಡಿದವಳು ನಾನೊಬ್ಬಳೇ. ಆಗಲೇ ನನಗೆ ನಾನು ಮಾಡಿದ್ದು ಏನೆಂದು ಅರ್ಥವಾದದ್ದು. ಓಡಿಹೋಗಿ ಹುಲ್ಲಿನಲ್ಲಿ ಕೂತು ಅತ್ತೆ. ನೀನೇ ಹುಡುಕಿಕೊಂಡು ಬಂದು ಕಣ್ಣೊರೆಸಿದೆ. "ನೀನ್ಯಾಕೆ ಅಳ್ತೀಯೇ? ನಿದ್ದೆಗಣ್ಣಲ್ಲಿ ಹಾಗನ್ನಿಸಿರ್ಬೇಕು, ನೀನೇನ್ಮಾಡ್ತೀಯ," ಎಂದೆ. ನಾನು ಹೂಂ ಎಂದೆ. ಅದು ಮೂರನೆಯ ಸುಳ್ಳು.

ನೀನು ಮತ್ತೆ ಓದಿದೆ, ಶಾಲೆಯಲ್ಲಿ ಟೀಚರಾದೆ. ನನ್ನನ್ನು ಓದಿಸಿದೆ. ನನಗೆ ಗಂಡು ಹುಡುಕಲು ಅಪ್ಪನ ಜೊತೆ ನೀನೇ ಓಡಾಡಿದೆ. ನನ್ನ ಮದುವೆಗೆ ಮುಂಚೆ, ಏನು ಹೇಳಲಿ, ನನ್ನ ಮುಖದ ಮೇಲೂ ಮೊಡವೆಗಳು ಎದ್ದವು. ನೀನು ಮನೆಯೊಳಗೆ ಒಂದೆಲೆ ಬೇವನ್ನೂ ತರಗೊಡಲಿಲ್ಲ. ಯಾಕೆ ಎಂದು ಯಾರೂ ಕೇಳಲಿಲ್ಲ. ಶಾಲೆಯಿಂದ ಬಂದು, ಸೀರೆಯನ್ನೂ ಬದಲಿಸದೆ ಜಾಯಿಕಾಯಿ ತೇಯುತ್ತಾ ಕೂರುತ್ತಿದ್ದೆ. ಬೀಗರ ಕಡೆಯ ಹೆಂಗಸೊಬ್ಬರು ಬಂದು ನನ್ನ ಮುಖ ಕಂಡು, "ಏನಿದು ಹುಡುಗಿಗೆ?" ಎಂದು ಹುಬ್ಬು ಗಂಟಿಕ್ಕಿದಾಗ, ನೀನು ತೇಯುವ ಕಲ್ಲು ಬಿಟ್ಟೆದ್ದು ಬಂದೆ. ಎಲ್ಲರೂ ನೋಡುವ ಹಾಗೆ ನನ್ನ ಹಣೆಯ ಮೇಲೆ ಅಂಗೈಯಿಟ್ಟೆ.

"ಮುಟ್ಟಿ ನೋಡಿ ಬೇಕಾದ್ರೆ," ಎಂದೆ. "ಮೈ ತಣ್ಣಗಿದೆ. ಬರೀ ಮೊಡವೆ."

ಅವರು ನಕ್ಕು ಸುಮ್ಮನಾದರು. ನಿನ್ನ ಕೈ ಮಾತ್ರ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಜಾಯಿಕಾಯಿಯ, ಹಾಲಿನ ವಾಸನೆಯ ಕೈ. ನಾನು ತಲೆಯೆತ್ತಿ ನಿನ್ನ ಕಣ್ಣು ಹುಡುಕಿದೆ, ನೀನು ಎಲ್ಲೋ ನೋಡುತ್ತಿದ್ದೆ. ನಿನಗೆ ಗೊತ್ತಿತ್ತೇ, ಅಕ್ಕ? ಮೊದಲಿನಿಂದಲೂ ಗೊತ್ತಿತ್ತೇ? ಆಗಲೇ ಕಾಲು ಹಿಡಿದು ಹೇಳಿಬಿಡಬೇಕಾಗಿತ್ತು. ಹೇಳಿದರೆ ಮನೆ ತುಂಬ ರಂಪವಾಗಿ ನನ್ನ ಮದುವೆ ನಿಂತರೆ ಎಂದು ಹೆದರಿ ಬಾಯಿ ಮುಚ್ಚಿಕೊಂಡೆ.

ನಿನ್ನನ್ನು ನಾಗಪುರಕ್ಕೆ ಕಳಿಸಲಾರದೆ ಸುಳ್ಳು ಹೇಳಿದವಳು ನಾನು, ಗಂಡನ ಜೊತೆ ಭೋಪಾಲಕ್ಕೆ ಹೊರಟು ಹೋದೆ. ಅದು ಇನ್ನೂ ದೂರ. ರೈಲು ನಾಗಪುರದ ಮೇಲೆಯೇ ಹೋಗುತ್ತದೆ. ಪ್ರತಿಸಲವೂ ಕಿಟಕಿಯ ಹತ್ತಿರ ಕಿತ್ತಳೆಯ ಬುಟ್ಟಿ ಹಿಡಿದು ಬರುತ್ತಾರೆ, ನೀನು ಹೇಳಿದ್ದು ನಿಜ, ರಾಶಿ ರಾಶಿ. ಯಜಮಾನರು ಕೊಳ್ಳೋಣವೇ ಎಂದರೆ ಬೇಡ ಅನ್ನುತ್ತೇನೆ. ಮಗಳು ಹಟ ಮಾಡಿದರೂ ಕೊಡಿಸಿಲ್ಲ. ರೈಲು ಹೊರಡುವವರೆಗೆ ಕಣ್ಣು ಮುಚ್ಚಿ ಕೂರುತ್ತೇನೆ, ಎಲ್ಲೋ ಒಂದು ಮನೆಯ ಬಾಗಿಲಲ್ಲಿ ನೀನು ಬಾಯಿಂದ ಹೊಗೆ ಬಿಡುತ್ತಾ ನಗುತ್ತಿರುವುದು ಕಾಣುತ್ತದೆ.

ಮೊನ್ನೆ ಮಗಳಿಗೆ ಮೈ ಸರಿಯಿರಲಿಲ್ಲ. ನೀನು ಅವಳ ಹಣೆ ಮುಟ್ಟಿ, ನನ್ನನ್ನು ಕರೆದೆ. "ನೀನೊಂದ್ಸಲ ಮುಟ್ಟಿ ನೋಡೇ. ಬಿಸಿ ಇದ್ಯಾ?" ಬೇರೇನೂ ಇರಲಿಲ್ಲ ನಿನ್ನ ದನಿಯಲ್ಲಿ. ನಾನು ಹಣೆಯ ಮೇಲೆ ಕೈಯಿಟ್ಟೆ. ನೀನು ಕಾಯುತ್ತಾ ನಿಂತಿದ್ದೆ, ಅಂದು ತಂಬಿಗೆ ಹಿಡಿದು ನಿಂತ ಹಾಗೇ, ನನ್ನ ಮಾತನ್ನು ನಂಬಲು ತಯಾರಾಗಿ. ಆಗಲೇ ತೀರ್ಮಾನ ಮಾಡಿದೆ, ಇಲ್ಲಿಂದ ರೈಲು ಹತ್ತುವ ಮೊದಲು ಹೇಳಬೇಕು ಎಂದು.

ಹೇಳಿದರೆ ನಿನಗೇನು ಸಿಗುತ್ತದೆ? ಕಳೆದ ವೈಶಾಖ ಬರುವುದಿಲ್ಲ. ನೀನು ನನ್ನನ್ನು ಮತ್ತೆ ಈ ಮನೆಗೆ ಕರೆಯದಿರಬಹುದು, ನನ್ನ ಮಗಳನ್ನು ಎತ್ತಿಕೊಳ್ಳುವ ಕೈ ಹಿಂದೆಗೆಯಬಹುದು. ಆಗಲಿ. ನಿನ್ನ ಹೆಸರಿನ ಜೊತೆ ಅಂಟಿಕೊಂಡಿರುವ ಆ ಮಾತನ್ನು ಅಂಟಿಸಿದವಳೇ ಕೀಳಬೇಕು. ಸುಂದರಮ್ಮನವರು ಇನ್ನೂ ಇದ್ದಾರಂತೆ, ಹನುಮಂತನಗರದಲ್ಲೇ. ಅಲ್ಲಿಗೂ ಹೋಗುತ್ತೇನೆ.

ಗೇಟಿನ ಸದ್ದಾಯಿತು. ಮಗಳ ಎರಡೂ ಮುಷ್ಟಿಯಲ್ಲಿ ಕಲ್ಲು, ನಿನ್ನ ಕೈಯಲ್ಲಿ ಮಲ್ಲಿಗೆ. ಒಳಗೆ ಅಪ್ಪ ಎದ್ದು ಕೆಮ್ಮುತ್ತಿದ್ದಾರೆ. ಅವರನ್ನೂ ಜಗಲಿಗೆ ಕರೆಯುತ್ತೇನೆ. ಅಂದು ಇಲ್ಲೇ ಕುಕ್ಕರಗಾಲಲ್ಲಿ ಕೂತು ಅವರು ಕೇಳಿದ್ದಕ್ಕೆ, ನೀನು ಪಕ್ಕದಲ್ಲಿರುವಾಗ, ಉತ್ತರ ಕೊಡುತ್ತೇನೆ.

ಇಲ್ಲಪ್ಪ, ಅಕ್ಕನಿಗೆ ಜ್ವರ ಇರಲಿಲ್ಲ.